ಮಿಷನ್ ಬಂತು, ಹೆಲ್ಮೆಟ್ ಬರಲಿ



ಕಾಫಿ ಗಿಡ ಅರಳಿಸುವ ಹೂಮಳೆ ಮುಗಿದಿದೆ, ಮುಂಗಾರು ಇನ್ನೂ ಬಂದಿಲ್ಲ. ಕೊಡಗು, ಚಿಕ್ಕಮಗಳೂರು, ಸಕಲೇಶಪುರದ ಕಾಫಿ ತೋಟಗಳಲ್ಲಿ ಈಗ ಮರಗಸಿಯ ಕಾಲ. ನೆರಳಿನ ಮರಗಳ ಕೊಂಬೆ ಸವರಿ ಗಿಡಕ್ಕೆ ಬೆಳಕು ಬಿಡುತ್ತಾರೆ. ಊರುಗಳಲ್ಲಿ ಕರೆಂಟಿನ ತಂತಿಗೆ ತಾಗುವ ರೆಂಬೆಗಳನ್ನು ತೆಗೆಯುತ್ತಾರೆ. ಮನೆಯ ಕಡೆ ವಾಲಿದ ಮರವನ್ನು ಮಳೆಗೆ ಮುಂಚೆ ಇಳಿಸಿಬಿಡೋಣ ಎಂದು ಮನೆಯವರು ಆಳು ಹುಡುಕುತ್ತಾರೆ. ಈ ದಿನಗಳಲ್ಲಿ ಮಲೆನಾಡಿನ ಯಾವ ದಿಕ್ಕಿಗೆ ಕಿವಿಗೊಟ್ಟರೂ ಚೈನ್ ಸಾದ ಸದ್ದು ಕೇಳುತ್ತದೆ. ಮರ ಕೊಯ್ಯುವ ಈ ಮಿಷನ್ನಿನ ಬಗ್ಗೆ, ಅದರ ಹಿಂದೆಮುಂದೆ ಬಂದ ಹತಾರ ಮತ್ತು ವಾಹನಗಳ ಬಗ್ಗೆ, ಅವುಗಳನ್ನು ಹಿಡಿದು ದುಡಿಯುವವರ ಬಗ್ಗೆ ಇವತ್ತು ನಿಮ್ಮೊಡನೆ ಮಾತನಾಡಬೇಕು.

ಮರದ ಕೆಲಸದಲ್ಲಿ ಮೊದಲು ಅರ್ಥಮಾಡಿಕೊಳ್ಳಬೇಕಾದದ್ದು ಭಾರವನ್ನು. ಒಂದು ಮೀಟರ್ ದಪ್ಪ, ಐದು ಮೀಟರ್ ಉದ್ದದ ಒಂದು ದಿಮ್ಮಿಯನ್ನು ತೆಗೆದುಕೊಳ್ಳಿ. ಅದರ ಗಾತ್ರ ಹೆಚ್ಚುಕಡಿಮೆ ನಾಲ್ಕು ಘನ ಮೀಟರ್. ಹಸಿ ಮರವಾದರೆ ತೂಕ ಮೂರರಿಂದ ನಾಲ್ಕು ಟನ್, ಅಂದರೆ ಬೆಳೆದ ಒಂದು ಆನೆಯಷ್ಟು. ಇದು ಮರದ ಒಂದು ತುಂಡಿನ ಲೆಕ್ಕ ಮಾತ್ರ. ಇಡೀ ಮರ, ಕೊಂಬೆ ಎಲೆಗಳ ಸಮೇತ, ಎಪ್ಪತ್ತು ಎಂಬತ್ತು ಅಡಿ ಎತ್ತರದಿಂದ ನೆಲಕ್ಕೆ ಬರುವಾಗ ಅದನ್ನು ತಡೆಯುವ ಶಕ್ತಿ ಯಾರಿಗೂ ಇಲ್ಲ. ಬೀಳುವ ಮೊದಲು ಅದಕ್ಕೆ ದಾರಿ ತೋರಿಸಬಹುದು, ಅಷ್ಟೇ. ಕೊಡಲಿಯಿಂದ ಹಿಡಿದು ಕ್ರೇನಿನವರೆಗೆ ಈ ಕೆಲಸದ ಹತಾರಗಳೆಲ್ಲ ಈ ಭಾರವನ್ನು ಪಳಗಿಸಲು ಹುಟ್ಟಿಕೊಂಡವು.

ನಮ್ಮ ಹಿರಿಯರ ಬಳಿ ಇದ್ದದ್ದು ಕೊಡಲಿ, ಇಬ್ಬರು ಎಳೆಯುವ ಗರಗಸ, ಬೆಣೆ, ಹಾರೆ, ಹಗ್ಗ. ದಿಮ್ಮಿಯನ್ನು ಅಟ್ಟದ ಮೇಲೋ ಗುಂಡಿಯ ಮೇಲೋ ಇಟ್ಟು, ಒಬ್ಬ ಮೇಲೆ ಒಬ್ಬ ಕೆಳಗೆ ನಿಂತು ಹಲಗೆ ಕೊಯ್ಯುತ್ತಿದ್ದರು. ಕಾಡಿನೊಳಗಿಂದ ನಾಟಾ ಹೊರಗೆ ತರಲು ಎತ್ತು, ಕೋಣ, ಆನೆ. ಶಿವಮೊಗ್ಗದ ಹತ್ತಿರದ ಸಕ್ರೆಬೈಲು, ಕೊಡಗಿನ ದುಬಾರೆ ಈಗ ಪ್ರವಾಸಿಗರ ಬಾಯಲ್ಲಿರುವ ಹೆಸರುಗಳು. ಒಂದು ಕಾಲಕ್ಕೆ ಅಲ್ಲಿನ ಆನೆಗಳ ಮುಖ್ಯ ಕೆಲಸ ದಿಮ್ಮಿ ಎಳೆಯುವುದೇ ಆಗಿತ್ತು. ಆನೆಗೆ ರಸ್ತೆ ಬೇಡ. ಎಳೆಯ ಗಿಡಗಳ ನಡುವೆ ಜಾಗ ನೋಡಿಕೊಂಡು ನಡೆಯುತ್ತದೆ. ಇಳಿಜಾರಿನಲ್ಲಿ ದಿಮ್ಮಿ ತನ್ನ ಮೇಲೆ ಉರುಳೀತು ಅನ್ನಿಸಿದರೆ ತಾನಾಗಿಯೇ ಪಕ್ಕಕ್ಕೆ ಸರಿಯುತ್ತದೆ. ಮಾವುತ, ಕಾವಾಡಿ ವರ್ಷಗಟ್ಟಲೆ ಜೊತೆಗಿದ್ದು ಅದರ ಮನಸ್ಸು ಅರಿತಿರುತ್ತಿದ್ದರು.

ಬೇರೆ ಬೇರೆ ಸೀಮೆಗಳಲ್ಲಿ ಬೇರೆ ಬೇರೆ ಉಪಾಯ. ಬರ್ಮಾದ ತೇಗದ ಕಾಡುಗಳಲ್ಲಿ ಬುಡದ ಸುತ್ತ ತೊಗಟೆ ಕಡಿದು, ಮರವನ್ನು ಎರಡು ಮೂರು ವರ್ಷ ನಿಂತಲ್ಲಿಯೇ ಒಣಗಿಸುತ್ತಿದ್ದರು. ಹಸಿ ತೇಗ ನೀರಿನಲ್ಲಿ ಮುಳುಗುತ್ತದೆ, ಒಣಗಿದ ತೇಗ ತೇಲುತ್ತದೆ. ಮುಂದಿನ ಸಾಗಾಟವನ್ನು ಹೊಳೆಯೇ ನೋಡಿಕೊಳ್ಳುತ್ತಿತ್ತು. ಇತ್ತ ಕೊಚ್ಚಿ ಸಂಸ್ಥಾನದವರು ಪರಂಬಿಕುಳಂ ಕಾಡಿನಿಂದ ಚಾಲಕುಡಿವರೆಗೆ ಹಳಿ ಹಾಕಿ 1907ರಲ್ಲಿ ಟ್ರಾಮ್ ಓಡಿಸಿದರು. ಕಡಿದಾದ ಇಳಿಜಾರುಗಳಲ್ಲಿ ತುಂಬಿದ ಬಂಡಿ ಕೆಳಗಿಳಿಯುವ ಭಾರದಿಂದಲೇ ಖಾಲಿ ಬಂಡಿ ಮೇಲೇರುವಂತೆ ಹಗ್ಗದ ಏರ್ಪಾಡು ಮಾಡಿದ್ದರು. ಮರದ ಭಾರವನ್ನೇ ದುಡಿಸಿಕೊಂಡ ಆ ಟ್ರಾಮ್ 1963ರವರೆಗೆ ನಡೆಯಿತು.

ಹಳೆಯ ಕಾಲ ಸುಖದ ಕಾಲವಾಗಿತ್ತು ಎಂದು ನಾನು ಹೇಳುತ್ತಿಲ್ಲ. ಆಗಲೂ ಜನ ಸತ್ತರು, ಕೈಕಾಲು ಕಳೆದುಕೊಂಡರು, ಆನೆಗಳೂ ನೋವು ತಿಂದವು. ಆದರೆ ಒಂದು ಮಾತು ನಿಜ. ಕೈಗರಗಸದಲ್ಲಿ ಒಂದು ದೊಡ್ಡ ಮರ ಬೀಳಿಸಲು ಅರ್ಧ ದಿನ ಬೇಕಾಗುತ್ತಿತ್ತು. ಮರ ಎತ್ತ ವಾಲುತ್ತಿದೆ, ಎಲ್ಲಿ ಸೀಳುತ್ತಿದೆ ಎಂದು ನೋಡಲು ಆ ನಿಧಾನವೇ ಅವಕಾಶ ಕೊಡುತ್ತಿತ್ತು. ಹೊಸಬನೊಬ್ಬ ಹಳಬನ ಎದುರು ಗರಗಸದ ಇನ್ನೊಂದು ತುದಿ ಹಿಡಿದು ಹಲವು ವರ್ಷ ಎಳೆದ ಮೇಲೆಯೇ ಮೇಸ್ತ್ರಿಯಾಗುತ್ತಿದ್ದ. ಮರ ಬೀಳಿಸುವ ವಿದ್ಯೆ ಹತಾರದ ಜೊತೆಯಲ್ಲಿಯೇ ಕೈಗೆ ಬರುತ್ತಿತ್ತು.

ಚೈನ್ ಸಾ ಬಂದು ಅರ್ಧ ದಿನದ ಕೆಲಸ ಕೆಲವು ನಿಮಿಷಕ್ಕೆ ಇಳಿಯಿತು. ಜರ್ಮನಿಯ ಆಂಡ್ರಿಯಾಸ್ ಸ್ಟಿಲ್ 1926ರಲ್ಲಿ ವಿದ್ಯುತ್ತಿನಿಂದ ಓಡುವ ಚೈನ್ ಸಾ ಮಾಡಿದರು, 1929ರಲ್ಲಿ ಪೆಟ್ರೋಲಿನದು. ಅವು ಇಬ್ಬರು ಹಿಡಿಯಬೇಕಾದ ಯಂತ್ರಗಳು, ತೂಕ 40 ಕಿಲೊ ಮೀರುತ್ತಿತ್ತು. ಒಬ್ಬನೇ ಹಿಡಿದು ಕೊಯ್ಯಬಹುದಾದ ಪೆಟ್ರೋಲ್ ಯಂತ್ರವನ್ನು ಅವರ ಕಂಪನಿ 1950ರಲ್ಲಿ ತಂದಿತು. ಈಗ ನಮ್ಮ ತೋಟಗಳಲ್ಲಿ ಕಾಣುವ ಮಿಷನ್ನುಗಳ ತೂಕ ಸಾಮಾನ್ಯವಾಗಿ ನಾಲ್ಕರಿಂದ ಆರು ಕಿಲೊ.

ಅದರ ಹಲ್ಲಿನ ಕಥೆ ಇನ್ನೂ ಸ್ವಾರಸ್ಯದ್ದು. ಅಮೆರಿಕದ ಆರೆಗಾನ್ ಕಾಡುಗಳಲ್ಲಿ ಮರ ಕಡಿಯುತ್ತಿದ್ದ ಜೋಸೆಫ್ ಕಾಕ್ಸ್ ಎಂಬಾತ 1946ರಲ್ಲಿ ಒಂದು ಬೊಡ್ಡೆಯೊಳಗೆ ಮರ ಕೊರೆಯುವ ಹುಳುವನ್ನು ನೋಡಿದ. ಬೆರಳಿನಷ್ಟಿದ್ದ ಆ ಹುಳು ಮರದ ನಾರಿನ ಉದ್ದಕ್ಕೂ ಅಡ್ಡಕ್ಕೂ ಸಲೀಸಾಗಿ ಕೊರೆಯುತ್ತಿತ್ತು. ಅದರ ಬಾಗಿದ ದವಡೆಗಳು ಎಡಕ್ಕೊಮ್ಮೆ ಬಲಕ್ಕೊಮ್ಮೆ ಕಚ್ಚುತ್ತಿದ್ದವು. ಅದೇ ಆಕಾರದಲ್ಲಿ ಕಾಕ್ಸ್ ಚೈನಿನ ಹಲ್ಲು ಮಾಡಿದ. ಒಂದು ಎಡಕ್ಕೆ, ಒಂದು ಬಲಕ್ಕೆ. ಇಂದಿಗೂ ಲೋಕದ ಬಹುತೇಕ ಚೈನ್ ಸಾಗಳಲ್ಲಿ ಓಡುತ್ತಿರುವುದು ಆ ಹುಳು ಕಲಿಸಿದ ಪಾಠವೇ.

ಈಗ ಅಪಾಯದ ಮಾತಿಗೆ ಬರೋಣ. ಚೈನಿನ ಹಲ್ಲುಗಳು ಸೆಕೆಂಡಿಗೆ ಸುಮಾರು 20 ಮೀಟರ್ ವೇಗದಲ್ಲಿ ಓಡುತ್ತವೆ. ಚೈನ್ ಸುತ್ತುವ ಉದ್ದನೆಯ ಪಟ್ಟಿಗೆ ಬಾರ್ ಎನ್ನುತ್ತಾರೆ. ಅದರ ತುದಿಯ ಮೇಲಿನ ಅರ್ಧ ಭಾಗ ಮರಕ್ಕೋ ಪಕ್ಕದ ಕೊಂಬೆಗೋ ತಾಗಿದರೆ ಇಡೀ ಯಂತ್ರ ಹಿಡಿದವನ ಮುಖದ ಕಡೆಗೆ ಎದ್ದು ಒದೆಯುತ್ತದೆ. ಅದು ಕಣ್ಣು ಮಿಟುಕಿಸುವಷ್ಟರಲ್ಲಿ ಆಗಿಹೋಗುತ್ತದೆ, ಕೈ ಬಿಗಿ ಮಾಡಲು ಸಮಯ ಇರುವುದಿಲ್ಲ. ಹಾಗಾಗಿಯೇ ಎಡಗೈಯ ಮುಂದೆ ಒಂದು ತಡೆ ಇಟ್ಟಿರುತ್ತಾರೆ. ಯಂತ್ರ ಒದ್ದರೆ ತಡೆ ಮುಂದಕ್ಕೆ ಬಾಗಿ ಬ್ರೇಕ್ ಬಿದ್ದು ಚೈನ್ ನಿಲ್ಲುತ್ತದೆ. ಸ್ವೀಡನ್ನಿನ ಹಸ್ಕ್‌ವರ್ನಾ ಕಂಪನಿ 1970ರ ದಶಕದ ಆರಂಭದಲ್ಲಿಯೇ ತಾನಾಗಿ ಬೀಳುವ ಬ್ರೇಕ್ ತಂದಿತ್ತು. ಆದರೆ ಬ್ರೇಕ್ ಕೆಟ್ಟ ಮಿಷನ್ನು, ತಡೆಯೇ ಮುರಿದುಹೋದ ಮಿಷನ್ನು ನಮ್ಮಲ್ಲಿ ಬೇಕಾದಷ್ಟಿವೆ. ಕೊಯ್ಯಲು ತೊಂದರೆ ಇಲ್ಲವಲ್ಲ ಎಂದು ಅವನ್ನೇ ಓಡಿಸುತ್ತಾರೆ.

ಮರಗಸಿಯಲ್ಲಿ ಈ ಅಪಾಯ ಇಮ್ಮಡಿ. ಏಣಿಯ ಮೇಲೆ ನಿಂತು, ಒಂದು ಕೈಯಲ್ಲಿ ಕೊಂಬೆ ಹಿಡಿದು, ಇನ್ನೊಂದು ಕೈಯಲ್ಲಿ ಓಡುವ ಮಿಷನ್ ಹಿಡಿದವರನ್ನು ನೀವೂ ನೋಡಿರುತ್ತೀರಿ. ಚೈನ್ ಸಾವನ್ನು ಒಂದೇ ಕೈಯಲ್ಲಿ ಓಡಿಸಲೇಬಾರದು, ಹೆಗಲಿಗಿಂತ ಮೇಲೆ ಎತ್ತಿ ಕೊಯ್ಯಬಾರದು. ಮರದ ಮೇಲಿನ ಕೆಲಸವಾದರೆ ಸೊಂಟಕ್ಕೂ ತೊಡೆಗೂ ಬೆಲ್ಟ್ ಬಿಗಿದು, ಎರಡು ಹಗ್ಗಗಳಲ್ಲಿ ಮೈಯನ್ನು ಮರಕ್ಕೆ ಕಟ್ಟಿಕೊಂಡಿರಬೇಕು. ಒಂದನ್ನು ಅಕಸ್ಮಾತ್ ಚೈನ್ ಕತ್ತರಿಸಿದರೂ ಇನ್ನೊಂದು ಹಿಡಿಯುತ್ತದೆ.

ಕಣ್ಣಿಗೆ ಕಾಣದ ಪೆಟ್ಟುಗಳೂ ಇವೆ. ಪೆಟ್ರೋಲ್ ಮಿಷನ್ನಿನ ಸದ್ದು 100 ಡೆಸಿಬೆಲ್ ದಾಟುತ್ತದೆ. ಕಿವಿ ಮುಚ್ಚಿಕೊಳ್ಳದೆ ವರ್ಷಗಟ್ಟಲೆ ಕೆಲಸ ಮಾಡಿದವರಿಗೆ ಕಿವಿ ಮಂದವಾಗುತ್ತದೆ. ಮಿಷನ್ನಿನಿಂದ ಕೈಗೆ ತಾಗುವ ನಡುಕ ಇನ್ನೊಂದು. ಬೆರಳಿನ ಸಣ್ಣ ರಕ್ತನಾಳಗಳು ಹಾಳಾಗಿ, ಚಳಿಗೆ ಬೆರಳು ಬಿಳಿಚಿಕೊಂಡು ಮರಗಟ್ಟುತ್ತದೆ. 1960ರ ದಶಕದಲ್ಲಿ ಜಪಾನ್, ಸ್ವೀಡನ್, ಬ್ರಿಟನ್ನಿನ ಕಾಡುಗಳಲ್ಲಿ ಈ ಕಾಯಿಲೆ ಎದ್ದು ಕಂಡಿತು. ಆಮೇಲೆಯೇ ಹಿಡಿಗೂ ಎಂಜಿನ್ನಿಗೂ ನಡುವೆ ಸ್ಪ್ರಿಂಗು, ರಬ್ಬರು ಇಟ್ಟು ನಡುಕ ತಗ್ಗಿಸಿದರು. ನಮ್ಮಲ್ಲಿ ಆ ರಬ್ಬರು ಸವೆದುಹೋದ ಮೇಲೂ ಬದಲಿಸುವವರು ಕಡಿಮೆ.

ಹಾಗಾದರೆ ಏನು ತೊಡಬೇಕು? ತಲೆಗೆ ಹೆಲ್ಮೆಟ್, ಅದಕ್ಕೇ ಅಂಟಿಕೊಂಡ ಜಾಲರಿ ಮುಖಕ್ಕೆ, ಮುಚ್ಚಳ ಕಿವಿಗೆ. ಕೈಗೆ ಗವಸು, ಕಾಲಿಗೆ ಉಕ್ಕಿನ ತುದಿಯ ಬೂಟು. ಎಲ್ಲಕ್ಕಿಂತ ಮುಖ್ಯ, ತೊಡೆ ಮೊಣಕಾಲು ಮುಚ್ಚುವ ವಿಶೇಷ ಪ್ಯಾಂಟು. ಅದರೊಳಗೆ ಉದ್ದುದ್ದ ನೂಲಿನ ಪದರಗಳಿವೆ. ಓಡುವ ಚೈನ್ ಬಟ್ಟೆಗೆ ತಾಗಿದ ತಕ್ಷಣ ಆ ನೂಲುಗಳು ಎಳೆದುಕೊಂಡು ಬಂದು ಯಂತ್ರದ ಹಲ್ಲುಚಕ್ರಕ್ಕೆ ಸುತ್ತಿ ಅದನ್ನು ನಿಲ್ಲಿಸಿಬಿಡುತ್ತವೆ. ಸಾಮಾನ್ಯವಾಗಿ ಚರ್ಮಕ್ಕೆ ಮುಟ್ಟುವ ಮೊದಲೇ ಚೈನ್ ಸ್ತಬ್ಧ. ಇಷ್ಟು ಜಾಣ ಉಡುಪು ಇದೆ ಎಂಬುದೇ ನಮ್ಮ ಎಷ್ಟೋ ಕೊಯ್ಯುವವರಿಗೆ ತಿಳಿಯದು. ಹವಾಯಿ ಚಪ್ಪಲಿ, ಲುಂಗಿ, ತಲೆಗೊಂದು ಟವೆಲು. ಇದು ಮಲೆನಾಡಿನ ಚೈನ್ ಸಾ ಕಾರ್ಮಿಕನ ಇವತ್ತಿನ ವೇಷ.

ಉಡುಪಿನಷ್ಟೇ ಮುಖ್ಯ ವಿದ್ಯೆ. ಮರ ಬೀಳಿಸುವ ಕ್ರಮ ಲೋಕದಲ್ಲೆಲ್ಲ ಒಂದೇ. ಬೀಳಬೇಕಾದ ಕಡೆಗೆ ಮೊದಲು ಬುಡದಲ್ಲಿ ಒಂದು ಕಚ್ಚು ತೆಗೆಯಬೇಕು, ಮರದ ದಪ್ಪದ ನಾಲ್ಕನೇ ಒಂದು ಭಾಗದಷ್ಟು ಒಳಕ್ಕೆ. ಆಮೇಲೆ ಹಿಂಬದಿಯಿಂದ ಕೊಯ್ದು ಬರಬೇಕು. ಪೂರ್ತಿ ಕೊಯ್ಯಬಾರದು. ದಪ್ಪದ ಹತ್ತನೇ ಒಂದು ಭಾಗದಷ್ಟು ಮರವನ್ನು ನಡುವೆ ಉಳಿಸಬೇಕು. ಬಾಗಿಲಿನ ತಿರುಗಣಿಯಂತೆ ಆ ಪಟ್ಟಿಯೇ ಮರವನ್ನು ಹಿಡಿದು ಕಚ್ಚಿನ ಕಡೆಗೆ ಮಲಗಿಸುತ್ತದೆ. ಹಿಂಬದಿಯ ಸೀಳಿಗೆ ಬೆಣೆ ಹೊಡೆದರೆ ಮರ ವಾಪಸು ಕೂರುವುದಿಲ್ಲ. ಕೊಯ್ಯಲು ಶುರುಮಾಡುವ ಮೊದಲೇ ತಾನು ಓಡುವ ದಾರಿಯನ್ನು ಹಿಂದಕ್ಕೆ ಓರೆಯಾಗಿ ಸವರಿಟ್ಟುಕೊಳ್ಳಬೇಕು. ಮರದ ಎತ್ತರದ ಎರಡರಷ್ಟು ದೂರದೊಳಗೆ ಬೇರೆ ಯಾರೂ ಇರಬಾರದು. ಆತುರದಲ್ಲಿ ಆ ಪಟ್ಟಿಯನ್ನು ಪೂರ್ತಿ ಕೊಯ್ದುಬಿಟ್ಟರೆ ಮರಕ್ಕೆ ದಾರಿ ತಪ್ಪುತ್ತದೆ. ಆ ಅಂತರ ಬಿಡದೆ ಹಗ್ಗ ಕಟ್ಟಿ ಮರ ಎಳೆಯುತ್ತಿರುವವರ ಮೇಲೆಯೇ ಅದು ಬರಬಹುದು.

ಬಿದ್ದ ಮರವನ್ನು ರಸ್ತೆಗೆ ತರುವುದು ಮುಂದಿನ ಹಂತ. ಆನೆಯ ಜಾಗಕ್ಕೆ ಟ್ರಾಕ್ಟರು, ಜೆಸಿಬಿ, ಹಿಟಾಚಿ, ಉಕ್ಕಿನ ಹಗ್ಗ ಸುತ್ತುವ ವಿಂಚ್ ಬಂದಿವೆ. ಟ್ರಾಕ್ಟರಿಗೆ ಸರಪಳಿ ಕಟ್ಟುವ ಜಾಗ ಹಿಂದಿನ ಆಕ್ಸಲ್ಲಿಗಿಂತ ಕೆಳಗಿರಬೇಕು. ಮೇಲೆ ಕಟ್ಟಿದರೆ, ದಿಮ್ಮಿ ಬೇರಿಗೋ ಬಂಡೆಗೋ ಸಿಕ್ಕಿಕೊಂಡ ಕ್ಷಣ ಮುಂದಿನ ಚಕ್ರಗಳು ಮೇಲೆದ್ದು ಟ್ರಾಕ್ಟರು ಚಾಲಕನ ಮೇಲೆಯೇ ಹಿಮ್ಮುಖವಾಗಿ ಮಗುಚುತ್ತದೆ. ವಿಂಚಿನ ಹಗ್ಗ ಬಿಗಿಯಾಗಿರುವಾಗ ಅದರ ನೇರದಲ್ಲಿ ನಿಲ್ಲಬಾರದು. ಹರಿದ ಉಕ್ಕಿನ ಹಗ್ಗ ಚಾಟಿಯೇಟಿನ ರಭಸದಲ್ಲಿ ವಾಪಸು ಬರುತ್ತದೆ. ಇನ್ನು ನೆಲದ ಮಾತು. ಮಳೆ ಬಿದ್ದ ಮೇಲೆ ಭಾರದ ವಾಹನ ಇಳಿಸಿದರೆ ಚಕ್ರದ ಕೊರಕಲು ಮುಂದೆ ತೊರೆಯಾಗುತ್ತದೆ, ಮೇಲ್ಮಣ್ಣು ಹಳ್ಳ ಸೇರುತ್ತದೆ. ನಾಟಾ ಸಾಗಿಸುವ ಕೆಲಸ ಬೇಸಿಗೆಯಲ್ಲಿಯೇ ಮುಗಿಯಬೇಕು.

ಸ್ವೀಡನ್, ಫಿನ್ಲೆಂಡಿನಲ್ಲಿ ಈಗ ಮರ ಕಡಿಯುವುದು ಬಹುಪಾಲು ದೊಡ್ಡ ಯಂತ್ರಗಳೇ. ಹಾರ್ವೆಸ್ಟರ್ ಎಂಬ ವಾಹನದ ಉದ್ದನೆಯ ತೋಳು ಮರವನ್ನು ಹಿಡಿದು ಬುಡ ಕೊಯ್ದು, ಕೊಂಬೆ ಸವರಿ, ಉದ್ದ ಅಳೆದು ತುಂಡು ಮಾಡುತ್ತದೆ. ಹಿಂದಿನಿಂದ ಬರುವ ಫಾರ್ವರ್ಡರ್ ತುಂಡುಗಳನ್ನು ಎತ್ತಿಕೊಂಡು ರಸ್ತೆಗೆ ಒಯ್ಯುತ್ತದೆ. ಸವರಿದ ಕೊಂಬೆಗಳನ್ನು ದಾರಿಗೆ ಹಾಸಿ ಅದರ ಮೇಲೆ ಚಕ್ರ ಓಡಿಸುತ್ತಾರೆ, ನೆಲ ಕೆಡಬಾರದೆಂದು. ಚಾಲಕ ಭದ್ರವಾದ ಕ್ಯಾಬಿನ್ನಿನೊಳಗೆ ಕೂತಿರುತ್ತಾನೆ. ಒಂದೇ ಎತ್ತರದ ಪೈನ್ ಮರಗಳ ತೋಪಿಗೆ, ಸಪಾಟು ನೆಲಕ್ಕೆ ಅದು ಹೊಂದುತ್ತದೆ. ನಮ್ಮ ಇಳಿಜಾರಿಗೆ, ಹಲಸು ಅತ್ತಿ ಸಿಲ್ವರ್ ಓಕ್ ಎಲ್ಲ ಬೆರೆತ ತೋಟಕ್ಕೆ, ಕೆಳಗಿರುವ ಕಾಫಿ ಗಿಡಕ್ಕೆ ಹೊಂದುವುದಿಲ್ಲ. ನಮ್ಮಲ್ಲಿ ಇನ್ನೂ ಬಹುಕಾಲ ಮನುಷ್ಯನೇ ಮರದ ಬುಡದಲ್ಲಿ ನಿಲ್ಲಬೇಕು. ಅಂದ ಮೇಲೆ ಆ ಮನುಷ್ಯನ ಮೈಗೆ ರಕ್ಷಣೆ ಇರಬೇಕಲ್ಲವೇ?

ತೋಟದವರು ಗಮನವಿಟ್ಟು ಕೇಳಬೇಕಾದ ಇನ್ನೊಂದು ಸಂಗತಿ ಕರೆಂಟಿನದು. ಕಾಳುಮೆಣಸು ಕೊಯ್ಯಲು ಹಗುರವೆಂದು ಅಲ್ಯುಮಿನಿಯಂ ಏಣಿ ಬಂತು. ಅದನ್ನು ನೆಟ್ಟಗೆ ಎತ್ತಿ ಮರದಿಂದ ಮರಕ್ಕೆ ಸಾಗಿಸುವಾಗ ಮೇಲಿನ ತಂತಿಗೆ ತಾಗಿ ಕೊಡಗಿನಲ್ಲಿ ಎಷ್ಟೋ ಕಾರ್ಮಿಕರು ಜೀವ ಕಳೆದುಕೊಂಡಿದ್ದಾರೆ. ಅಡಿಕೆ ತೋಟಕ್ಕೆ ಬಂದ ಕಾರ್ಬನ್ ಫೈಬರ್ ದೋಟಿ ನಿಜಕ್ಕೂ ಒಳ್ಳೆಯ ಹತಾರ. ಕಾಲಿಗೆ ತಳೆ ಹಾಕಿ ಮರದಿಂದ ಮರಕ್ಕೆ ಹಾಯುತ್ತಿದ್ದ ಕೊನೆಗಾರನ ಕಷ್ಟವನ್ನು ಅದು ನೆಲಕ್ಕಿಳಿಸಿತು. ನೆಲದ ಮೇಲೆ ನಿಂತೇ ಕೊನೆ ತೆಗೆಯಬಹುದು, ಔಷಧಿ ಹೊಡೆಯಬಹುದು. ಆದರೆ ಕಾರ್ಬನ್ ಫೈಬರಿನಲ್ಲೂ ಕರೆಂಟು ಹರಿಯುತ್ತದೆ. ನೋಡಲು ಪ್ಲಾಸ್ಟಿಕ್ಕಿನಂತಿದೆ ಎಂದು ಮೋಸಹೋಗಬೇಡಿ. ತಂತಿ ಹಾದುಹೋಗುವ ಸಾಲಿನಲ್ಲಿ ದೋಟಿಯನ್ನಾಗಲಿ ಏಣಿಯನ್ನಾಗಲಿ ಎತ್ತುವ ಮುನ್ನ ಲೈನ್‌ಮನ್‌ಗೆ ಹೇಳಿ ಲೈನ್ ತೆಗೆಸಿ.

ಪೇಟೆಗಳಲ್ಲಿ ಕೆಲಸದ ರೀತಿ ಬೇರೆ. ಬೆಂಗಳೂರಿನಲ್ಲಿ ಏಪ್ರಿಲ್, ಮೇ ತಿಂಗಳ ಗಾಳಿಮಳೆಗೆ ಗುಲ್‌ಮೊಹರ್, ಮಳೆಮರ ಉರುಳಿದರೆ ರಾತ್ರೋರಾತ್ರಿ ಬಂದು ತೆರವು ಮಾಡುವವರಿದ್ದಾರೆ. ಬಿದ್ದ ಮರ ನಿಂತ ಮರಕ್ಕಿಂತ ಅಪಾಯದ್ದು. ಬಾಗಿದ ಕೊಂಬೆಯೊಳಗೆ ಬಿಗಿತ ಅಡಗಿರುತ್ತದೆ, ಕೊಯ್ದೊಡನೆ ಚಿಮ್ಮುತ್ತದೆ. ಕಾಂಡ ತುಂಡಾದ ಕೂಡಲೇ ಮೇಲೆದ್ದ ಬೇರಿನ ಮುದ್ದೆ ಹಿಂದಕ್ಕೆ ಕೂತುಬಿಡಬಹುದು. ಇಲ್ಲಿ ಮನುಷ್ಯನನ್ನು ತೊಟ್ಟಿಯಲ್ಲಿ ನಿಲ್ಲಿಸಿ ಮೇಲೆತ್ತುವ ವಾಹನ ಬೇಕು, ಕೊಂಬೆಯನ್ನು ಹಿಡಿದುಕೊಳ್ಳುವ ಕ್ರೇನ್ ಬೇಕು, ಬೆಳಕು ಬೇಕು. ಮಳೆಯಲ್ಲಿ ನೆನೆಯುತ್ತ, ಟಾರ್ಚಿನ ಬೆಳಕಿನಲ್ಲಿ ನಮಗಾಗಿ ರಸ್ತೆ ಬಿಡಿಸುವ ಆ ಜನರಿಗೆ ನಾವು ಋಣಿಗಳು.

ಇಷ್ಟೆಲ್ಲ ಗೊತ್ತಿದ್ದೂ ರಕ್ಷಣೆ ಏಕೆ ಬರಲಿಲ್ಲ? ನನಗೆ ತೋರುವ ಕಾರಣ ಇದು. ಮೊದಲು ಮರದ ಕೆಲಸ ನಡೆಯುತ್ತಿದ್ದದ್ದು ಕಾಡಿನಲ್ಲಿ. ಅಲ್ಲಿ ಅರಣ್ಯ ಇಲಾಖೆಯಿತ್ತು, ಡಿಪೋ ಇತ್ತು, ದೊಡ್ಡ ಗುತ್ತಿಗೆದಾರನಿದ್ದ. 1988ರ ರಾಷ್ಟ್ರೀಯ ಅರಣ್ಯ ನೀತಿ, 1996ರ ಡಿಸೆಂಬರ್ 12ರ ಸುಪ್ರೀಂ ಕೋರ್ಟಿನ ಗೋದಾವರ್ಮನ್ ಪ್ರಕರಣದ ಆದೇಶ, ಇವುಗಳಿಂದ ನೈಸರ್ಗಿಕ ಕಾಡಿನ ಕಡಿತಕ್ಕೆ ಕಡಿವಾಣ ಬಿತ್ತು. ಅದು ಆಗಲೇಬೇಕಿದ್ದ ಕೆಲಸ, ಕಾಡು ಉಳಿಯಿತು. ಆದರೆ ಮರದ ಕೆಲಸ ನಿಲ್ಲಲಿಲ್ಲ. ಅದು ತೋಟಕ್ಕೆ, ನೆಡುತೋಪಿಗೆ, ಹಿತ್ತಲಿಗೆ, ರಸ್ತೆ ಬದಿಗೆ ಬಂತು. ಅದೇ ಹೊತ್ತಿಗೆ ಹತಾರ ಚಿಕ್ಕದಾಯಿತು, ಅಗ್ಗವಾಯಿತು. ಆನೆ ಸಾಕಲು ಒಂದು ಇಲಾಖೆ ಬೇಕಿತ್ತು. ಚೈನ್ ಸಾ ಕೊಳ್ಳಲು ಒಬ್ಬ ಹುಡುಗ ಸಾಕು. ಅವನಿಗೆ ಇವತ್ತು ಒಬ್ಬರ ತೋಟ, ನಾಳೆ ಇನ್ನೊಬ್ಬರ ಅಂಗಳ. ಅವನು ಯಾರ ಆಳು? ಬಿದ್ದರೆ ಯಾರ ಹೊಣೆ? ಕೆಲಸ ನೂರು ಕೈಗೆ ಹಂಚಿಹೋದಾಗ ಹೊಣೆಯೂ ಹಂಚಿಹೋಗಿ, ಕೊನೆಗೆ ಯಾರ ಪಾಲಿಗೂ ಉಳಿಯಲಿಲ್ಲ.

ಇದನ್ನು ಸರಿಪಡಿಸಬಹುದು ಎಂಬುದಕ್ಕೆ ನಮ್ಮ ಮಗ್ಗುಲಲ್ಲೇ ಸಾಕ್ಷಿ ಇದೆ. ತೆಂಗಿನ ಮರ ಹತ್ತುವವರು ಸಿಗದಾದಾಗ ತೆಂಗು ಅಭಿವೃದ್ಧಿ ಮಂಡಳಿ 2011ರಲ್ಲಿ ತೆಂಗಿನ ಮರದ ಗೆಳೆಯರನ್ನು ತಯಾರು ಮಾಡುವ ಯೋಜನೆ ತಂದಿತು. ಯುವಕ ಯುವತಿಯರಿಗೆ ಮರ ಹತ್ತುವ ತರಬೇತಿ, ಕೈಗೆ ಹತ್ತುವ ಯಂತ್ರ, ಜೊತೆಗೆ ಕೇರ ಸುರಕ್ಷಾ ಎಂಬ ಅಪಘಾತ ವಿಮೆ. ವಿಟ್ಲದಲ್ಲಿರುವ ತೋಟದ ಬೆಳೆಗಳ ಸಂಶೋಧನಾ ಸಂಸ್ಥೆ ಸಿಪಿಸಿಆರ್‌ಐ ಆವರಣದಲ್ಲಿ ಅಡಿಕೆ ಮರ ಹತ್ತುವವರಿಗೂ ತರಬೇತಿ ಶಿಬಿರ ನಡೆದಿದೆ. ಹತಾರ, ವಿದ್ಯೆ, ವಿಮೆ ಮೂರೂ ಒಟ್ಟಿಗೆ ಬಂದರೆ ಕೂಲಿಗೆ ಘನತೆ ಬರುತ್ತದೆ, ಹೊಸಬರೂ ಬರುತ್ತಾರೆ. ಚೈನ್ ಸಾ ಹಿಡಿಯುವವರಿಗೆ ಇದನ್ನೇ ಮಾಡಬೇಕು. ಧಾರವಾಡದ ಹತ್ತಿರ ಗುಂಗರಗಟ್ಟಿಯಲ್ಲಿ ಅರಣ್ಯ ಅಕಾಡೆಮಿ ಇದೆ, ಬೆಂಗಳೂರಿನ ಮಲ್ಲೇಶ್ವರದಲ್ಲಿ ಮರ ವಿಜ್ಞಾನದ ಸಂಸ್ಥೆ ಇದೆ. ಇಂಥ ಕಡೆ ವಾರದ ತರಬೇತಿ ಕೊಟ್ಟು ಒಂದು ಪ್ರಮಾಣಪತ್ರ ಕೊಡಬಹುದು. ಬ್ರಿಟನ್, ಸ್ವೀಡನ್ನಿನಲ್ಲಿ ಅಂಥ ಪತ್ರವಿಲ್ಲದವನಿಗೆ ಈ ಕೂಲಿಯೇ ಇಲ್ಲ. ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆ 1998ರಲ್ಲಿಯೇ ಅರಣ್ಯ ಕೆಲಸದ ಸುರಕ್ಷತೆಗೆ ಸಂಹಿತೆ ಬರೆದಿದೆ. ಮರ ಕಡಿಯಲು 1976ರ ವೃಕ್ಷ ಸಂರಕ್ಷಣಾ ಕಾಯ್ದೆಯಡಿ ಅನುಮತಿ ಕೊಡುವಾಗ ಮರದ ಜಾತಿ, ಸುತ್ತಳತೆಯ ಜೊತೆಗೆ ಕಡಿಯುವವನ ತರಬೇತಿಯನ್ನೂ ಕೇಳಿದರೆ ಒಂದು ದೊಡ್ಡ ಹೆಜ್ಜೆ ಇಟ್ಟಂತಾಗುತ್ತದೆ.

ಸರ್ಕಾರ ಮಾಡುವವರೆಗೆ ನಾವು ಕಾಯಬೇಕಿಲ್ಲ. ಕೆಲಸ ಕೊಡುವವರು ನಾವೇ. ಪ್ರತಿಯೊಬ್ಬ ಕೊಯ್ಯುವವನೂ ಪೂರ್ತಿ ಉಡುಪು ಕೊಳ್ಳಲಾರ. ಊರಿನ ಸಹಕಾರ ಸಂಘ ನಾಲ್ಕು ಜೊತೆ ಹೆಲ್ಮೆಟ್, ಪ್ಯಾಂಟು, ಬೆಲ್ಟು ತಂದಿಟ್ಟು ದಿನದ ಬಾಡಿಗೆಗೆ ಕೊಡಬಹುದು. ಬೆಳೆಗಾರರ ಸಂಘಗಳು ತಮ್ಮ ಸದಸ್ಯರ ತೋಟದ ಮರಗಸಿಯವರಿಗೆಲ್ಲ ಒಟ್ಟಾಗಿ ವಿಮೆ ಮಾಡಿಸಬಹುದು. ಈ ವಾರ ನಿಮ್ಮ ಮನೆಗೆ ಮರ ಇಳಿಸಲು ಯಾರಾದರೂ ಬಂದರೆ ರೇಟು ಕೇಳುವ ಮೊದಲು ಮೂರು ಮಾತು ಕೇಳಿ. ಮಿಷನ್ನಿನ ಬ್ರೇಕ್ ಸರಿಯಾಗಿದೆಯೇ? ಹೆಲ್ಮೆಟ್, ಬೂಟು, ಬೆಲ್ಟು ಇದೆಯೇ? ತಂತಿ ಹತ್ತಿರವಿದ್ದರೆ ಲೈನ್ ತೆಗೆಸಿದ್ದಾಗಿದೆಯೇ? ಇಲ್ಲ ಅಂದರೆ ಕೆಲಸ ಎರಡು ದಿನ ತಡವಾದರೂ ಸರಿ, ಅದನ್ನೆಲ್ಲ ಹೊಂದಿಸಿ. ಅದಕ್ಕಾಗುವ ಖರ್ಚನ್ನು ಕೂಲಿಯ ಜೊತೆ ಸೇರಿಸಿ ಕೊಡಿ, ಚೌಕಾಸಿ ಮಾಡಬೇಡಿ. ಮರ ಇಳಿಸಲು ಬಂದವರು ಸಂಜೆ ಎರಡು ಕೈ, ಎರಡು ಕಾಲು ನೆಟ್ಟಗಿಟ್ಟುಕೊಂಡು ಮನೆಗೆ ಹೋಗುವಂತೆ ನೋಡಿಕೊಳ್ಳುವುದೂ ಮರದ ಒಡೆಯರ ಕೆಲಸವೇ.